ಹಸು ನಿಂತಿದೆಯಾ, ಮಲಗಿದೆಯಾ

ನಾಲ್ಕು ಜುಟ್ಟು ಒಂದು ಕಡೆ ಸೇರಿದರೂ ಎರಡು ಜಡೆ ಸೇರುವುದಿಲ್ಲ ಎಂದು ಯಾರು ಹೇಳಿದರೋ, ಅವರು ನಮ್ಮ ಮನೆಗೆ ಬಂದು ಹೇಳಬೇಕಿತ್ತು. ಗಂಗಾಲಕ್ಷ್ಮಿ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಸುಗಟೂರಿನಲ್ಲಿ ಒಂದೇ ಅಂಗಳಕ್ಕೆ ನಮ್ಮ ಎರಡು ಮನೆ, ನಡುವೆ ಕೊಟ್ಟಿಗೆ. ಜಗಳವೇ ಆಡಿಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋದೀತು. ಆಡಿದ್ದೇವೆ, ಬೀದಿಯವರು ಕೆಲಸ ಬಿಟ್ಟು ಬಂದು ನೋಡುವಷ್ಟು ಆಡಿದ್ದೇವೆ. ಆದರೂ ಈ ಬಚ್ಚಮ್ಮನ ಬಾಯಿಂದ ಯಾರ ಬಗ್ಗೆಯಾದರೂ ಒಳ್ಳೆಯ ಮಾತು ಬಂದಿದ್ದರೆ ಅದು ಅವಳ ಬಗ್ಗೆ ಮಾತ್ರ.

ಗಂಗನಿಗೆ ಹಸು ಎಂದರೆ ಪ್ರಾಣ. ಸೀಮೆಹಸು ಸಾಕಿ, ಕೆಟ್ಟು, ಕಲಿತು, ಅವಳ ಕೈ ಪಳಗಿತ್ತು. ಮೊದಲು ನೆಂಟರು ಫೋನ್ ಮಾಡುತ್ತಿದ್ದರು. ಆಮೇಲೆ ನೆಂಟರ ನೆಂಟರು. ಕೊನೆಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಾ ಕಡೆಯ ಡೈರಿಗಳಲ್ಲೂ ಅವಳ ನಂಬರು ಓಡಾಡತೊಡಗಿತು. ಹಸು ಮೇವು ಬಿಟ್ಟರೆ ಗಂಗಕ್ಕ, ಕರು ಹಾಲು ಕುಡಿಯದಿದ್ದರೆ ಗಂಗಕ್ಕ. ಅವಳು ಮುದ್ದೆ ಮುರಿದ ಕೈಯನ್ನು ಹಾಗೇ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಜನರನ್ನು ಬೈಯುತ್ತಿದ್ದಳು. "ಲೇ, ಬಾಲ ಬಿಡು ಮೊದ್ಲು. ನಿನ್ನ ಜುಟ್ಟು ಹಿಡ್ಕೊಂಡು ಯಾರಾದ್ರೂ ಎಳೆದ್ರೆ ನೀನು ಎದ್ದೇಳ್ತೀಯಾ?" ಬೈಸಿಕೊಂಡವರು ಮಾರನೆಯ ದಿನ ಫೋನ್ ಮಾಡಿ "ಹಸು ಚೆನ್ನಾಗಿದೆ ಅಕ್ಕ" ಎನ್ನುತ್ತಿದ್ದರು. ಉಣ್ಣುವಾಗ ಫೋನು ಎತ್ತುವುದು ತಪ್ಪು ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಕಳೆದ ವರ್ಷ ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆಯಿತು. ಆಪರೇಷನ್ ಮಾಡಿ ತೆಗೆದರು. ಗಡ್ಡೆ ಗಂಟಲಿನ ನರಕ್ಕೇ ಸುತ್ತಿಕೊಂಡಿತ್ತಂತೆ. ಜೀವ ಉಳಿಯಿತು, ದನಿ ಹೋಯಿತು. ಬಾಯಿ ಬಿಟ್ಟರೆ ಬರೀ ಗಾಳಿ. ಕಿವಿ ಹತ್ತಿರ ತಂದರೆ ನಮಗೆ ಅರ್ಥವಾಗುತ್ತಿತ್ತು, ಫೋನಿಗೆ ಅರ್ಥವಾಗುತ್ತಿರಲಿಲ್ಲ. ದನಿ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು.

ಕೆಲವು ದಿನ ನಾನು ನಡುವೆ ನಿಂತೆ. ಅವಳು ಪಿಸುಗುಟ್ಟುವುದು, ನಾನು ಫೋನಿನಲ್ಲಿ ಕೂಗುವುದು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಅವಳದು ಒಂದು ಮಾತಾದರೆ ನಾನು ನನ್ನದು ಎರಡು ಸೇರಿಸುತ್ತಿದ್ದೆ. ಗಂಗ ನನ್ನ ತೊಡೆಗೆ ಚಿವುಟುತ್ತಿದ್ದಳು.

ಒಂದು ದಿನ ನಾನು ಮುಳಬಾಗಿಲಿಗೆ ಮದುವೆಗೆ ಹೋಗಿದ್ದೆ. ಮನೆಯಲ್ಲಿ ಗಂಗ ಒಬ್ಬಳೇ. ಟೇಕಲ್ ಹತ್ತಿರದ ಕದಿರೇಶನ ಫೋನು ಬಂತು. ಹಿಂದಿನ ದಿನ ಕರು ಹಾಕಿದ್ದ ಹಸು ಮಲಗಿಬಿಟ್ಟಿದೆ, ಏಳುತ್ತಿಲ್ಲ ಎಂದ. ಅದು ಕ್ಯಾಲ್ಸಿಯಂ ಇಳಿದ ಹಸು, ಡಾಕ್ಟರು ಬಂದು ರಕ್ತನಾಳಕ್ಕೆ ಬಾಟಲಿ ಏರಿಸಿದರೆ ಎದ್ದು ನಿಲ್ಲುತ್ತದೆ ಎಂದು ಗಂಗನಿಗೆ ಆ ಕ್ಷಣವೇ ಗೊತ್ತಾಯಿತು. ಡಾಕ್ಟರು, ಡಾಕ್ಟರು ಎಂದು ಫೋನಿಗೆ ಗಾಳಿ ಊದಿದಳು. ಅವನು ಹಲೋ ಹಲೋ ಎಂದು ಕೂಗಿ ಇಟ್ಟ, ಮತ್ತೆ ಮಾಡಿದ, ಮತ್ತೆ ಇಟ್ಟ. ಅವಳು ಅಂಗಳ ದಾಟಿ ಬೀದಿಗೆ ಓಡಿ ಯಾರನ್ನೋ ಹಿಡಿದು ತಂದು ಮಾತಾಡಿಸುವ ಹೊತ್ತಿಗೆ ಹಸು ಹೋಗಿತ್ತು. ವಾರದ ಮೇಲೆ ಕದಿರೇಶ ನಮ್ಮ ಕಡೆ ಬಂದವನು ಮನೆಗೂ ಬಂದ. "ಅವತ್ತು ನೆಟ್‌ವರ್ಕ್ ಸರಿ ಇರ್ಲಿಲ್ಲ ಅಕ್ಕ, ಏನ್ಮಾಡೋಕಾಗುತ್ತೆ" ಎಂದು ಕಾಫಿ ಕುಡಿದು ಹೋದ. ಮಾತೆಲ್ಲ ನಾನೇ ಆಡಿದ್ದೆ, ಗಂಗ ಬಾಗಿಲ ಮರೆಯಿಂದ ತಲೆ ಆಡಿಸಿದ್ದಳು ಅಷ್ಟೇ. ಪಾಪ, ಅವನಿಗೆ ಇವಳ ಸ್ಥಿತಿ ಗೊತ್ತೇ ಆಗಲಿಲ್ಲ.

ಅವನು ಹೋದ ಮೇಲೆ ಗಂಗ ಫೋನು ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ನನ್ನ ಜೊತೆ ಪಿಸುಗುಟ್ಟುವುದನ್ನೂ ಬಿಟ್ಟಳು. ಹಾಲು ಕರೆದು ಡೈರಿಗೆ ಹಾಕಿ ಬಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನನಗೆ ಭಯವಾಯಿತು. ಇವಳು ಹೀಗೇ ಒಳಗೊಳಗೇ ಮುಗಿದುಹೋಗುತ್ತಾಳೆ ಎಂದು ನಿಜವಾಗಿಯೂ ಭಯವಾಯಿತು.

ಇ-ಬುಕ್ ಮಾಡುವ ಮಾತು ತೆಗೆದವಳು ಅವಳ ಮಗಳು ಶ್ಯಾಮಲಾ. ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಆಫೀಸು ಕೆಲಸ ಮಾಡುತ್ತಾಳೆ. "ಬಾಯಲ್ಲಿ ಹೇಳೋಕಾಗ್ದಿದ್ರೆ ಬರಿಯಮ್ಮ. ಫೋನಲ್ಲೇ ಓದೋ ಪುಸ್ತಕ ಮಾಡೋಣ. ನಾನು ವಾಟ್ಸಾಪಲ್ಲಿ ಎಲ್ರಿಗೂ ಕಳಿಸ್ತೀನಿ" ಎಂದಳು. ಗಂಗ ತಲೆ ಆಡಿಸಲಿಲ್ಲ. ಆದರೆ ಮಾರನೆಯ ದಿನ ಫೋನು ಅಕ್ಕಿ ಡಬ್ಬದ ಹಿಂದಿನಿಂದ ಹೊರಗೆ ಬಂದಿತ್ತು.

ಒಂದು ವಾರ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದು, ಒಂದು ಮಧ್ಯಾಹ್ನ ನನ್ನ ಮುಂದೆ ಹಿಡಿದಳು. ಓದಿದೆ. "ಪೀಠಿಕೆ. ಭಾರತವು ಕೃಷಿ ಪ್ರಧಾನ ದೇಶ. ಹೈನುಗಾರಿಕೆಯು ಅದರ ಬೆನ್ನೆಲುಬಾಗಿದೆ." ಆಮೇಲೆ ಹಸುವಿನ ತಳಿಗಳು, ಹಾಲಿನ ಮಹತ್ವ, ಗೋವಿನ ಹಿರಿಮೆ. ಕೊನೆಗೆ ಉಪಸಂಹಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಬಂಧ ಬರೆದಂತೆ ಬರೆದಿದ್ದಳು. ಬರೆಯುವುದು ಎಂದರೆ ನಮಗೆಲ್ಲ ಮೇಷ್ಟ್ರು ಕಲಿಸಿದ್ದು ಅದೊಂದೇ ದಾರಿ.

"ಹೆಂಗಿದೆ ಅಕ್ಕ?" ಎಂದು ಪಿಸುಗುಟ್ಟಿದಳು. ಎಷ್ಟೋ ದಿನದ ಮೇಲೆ ಆಡಿದ ಮಾತು. ಚೆನ್ನಾಗಿದೆ ಎಂದುಬಿಡಬಹುದಿತ್ತು. ನನ್ನ ಹಣೆಬರಹ, ಸುಳ್ಳು ಬಾಯಿಗೆ ಬರುವುದಿಲ್ಲ.

"ಲೇ ಗಂಗಾ, ಈ ಪೀಠಿಕೆ ಓದಿ ಮುಗಿಸೋಷ್ಟ್ರಲ್ಲಿ ಕರು ಹುಟ್ಟಿ, ಬೆಳೆದು, ಅದೂ ಗಬ್ಬ ಆಗಿರುತ್ತೆ ಕಣೇ" ಎಂದೆ.

ಅವಳ ಮುಖ ಸಣ್ಣದಾಯಿತು. ಫೋನು ಕಿತ್ತುಕೊಂಡು ಒಳಗೆ ಹೋದಳು. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಹೇಳಿದ್ದು ಸರಿಯೇ. ಅದರಲ್ಲಿ ಗೋವಿನ ಹಿರಿಮೆ ಇತ್ತು, ಗಂಗ ಇರಲಿಲ್ಲ. ಅವಳ ಬೈಗುಳ ಎಲ್ಲಿ? ಅವಳ ಅವಸರ ಎಲ್ಲಿ? ಕದಿರೇಶನಂಥವನು ಇದನ್ನು ತೆರೆದರೆ ಯಾವ ಪುಟಕ್ಕೆ ಹೋಗಬೇಕು?

ಆಗ ನನಗೆ ಹೊಳೆಯಿತು. ಅಷ್ಟು ವರ್ಷ ಅವಳ ಪಕ್ಕ ಕೂತು ಉಂಡವಳು ನಾನು. ಆ ಫೋನಿನಲ್ಲಿ ಯಾರು ಏನು ಕೇಳುತ್ತಿದ್ದರು, ಹೇಗೆ ಕೇಳುತ್ತಿದ್ದರು, ಎಲ್ಲಾ ನನ್ನ ಕಿವಿಯಲ್ಲಿದೆ. ಒಳಗೆ ಹೋಗಿ ಅವಳ ಎದುರು ಕೂತು, ಕೈಯನ್ನು ಕಿವಿಗೆ ಹಿಡಿದೆ.

"ಹಲೋ, ಗಂಗಕ್ಕನಾ? ನೇನು ಅಕ್ಕಾ, ಆವಲಪ್ಪ, ಮುಳಬಾಗಿಲು ಕಡೆಯಿಂದ. ನಮ್ ಹಸು ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ ಅಕ್ಕಾ" ಎಂದು ಗಂಡಸಿನ ದನಿ ಮಾಡಿ ಅರ್ಧ ತೆಲುಗಿನ ರಾಗದಲ್ಲಿ ಹೇಳಿದೆ.

ಗಂಗ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ನಾನು ಬಿಡಲಿಲ್ಲ. "ಅಕ್ಕಾ, ಕೇಳಿಸ್ತಾ ಇದೆಯಾ? ಹಸು ಒಂಥರಾ ಆಡ್ತಿದೆ ಅಕ್ಕಾ" ಎಂದೆ. ಅವಳ ತುಟಿ ತಾನಾಗಿಯೇ ಆಡಿತು.

"ಹಸು ನಿಂತಿದೆಯಾ, ಮಲಗಿದೆಯಾ?"

ಯಾರು ಫೋನ್ ಮಾಡಿದರೂ ಅವಳು ಮೊದಲು ಕೇಳುತ್ತಿದ್ದುದು ಅದೇ. ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ನಿಂತಿದ್ದರೆ ಒಂದು ದಾರಿ, ಮಲಗಿದ್ದರೆ ಇನ್ನೊಂದು ದಾರಿ. "ಬರಿ ಅದನ್ನೇ" ಎಂದೆ. "ಅದನ್ನೇ ಬರಿಯೇ ಮೊದ್ಲು, ಭಾರತ ಆಮೇಲೆ ನೋಡ್ಕೊಳ್ಳೋಣ."

ಅವತ್ತಿನಿಂದ ದಿನಾ ಮಧ್ಯಾಹ್ನ ನಾನು ಫೋನು ಮಾಡುವವಳಾದೆ. ಒಂದು ದಿನ ಮಾಲೂರಿನ ಗಾಬರಿ ಸೊಸೆ, ಒಂದು ದಿನ ಯಾರ ಮಾತೂ ಕೇಳದ ಮುದುಕ. ಅವಳು ಪಿಸುಗುಟ್ಟುತ್ತಾ ಕುಟ್ಟುತ್ತಿದ್ದಳು. ನಾನು ನಡುನಡುವೆ ತಪ್ಪುತಪ್ಪಾಗಿ ಉತ್ತರ ಕೊಟ್ಟು ಅವಳಿಗೆ ಸಿಟ್ಟು ಬರಿಸುತ್ತಿದ್ದೆ. ಸಿಟ್ಟು ಬಂದಾಗ ಒಳ್ಳೊಳ್ಳೆಯ ಮಾತು ಬರುತ್ತಿತ್ತು.

ಸಂಜೆ ಬಂದ ಶ್ಯಾಮಲಾ ಓದಿ, "ಅಮ್ಮ, ಪುಸ್ತಕದಲ್ಲಿ ಯಾರಾದ್ರೂ ಲೇ ಅಂತ ಬರೀತಾರಾ?" ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಆಮೇಲೆ ಅವಳೇ ದಾರಿ ಮಾಡಿಕೊಟ್ಟಳು. ಹುಡುಗಿ ಜಾಣೆ. ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಎರಡೇ ಮಾತು, ದೊಡ್ಡ ಅಕ್ಷರದಲ್ಲಿ: ನಿಂತಿದೆ, ಮಲಗಿದೆ. ಮಲಗಿದೆ ಎಂಬಲ್ಲಿ ಬೆರಳಿಟ್ಟರೆ ಮಲಗಿದ ಹಸುವಿನ ಪುಟವೇ ತೆರೆಯುತ್ತದೆ. ಅಲ್ಲಿ ಗಂಗ ಹೀಗೆ ಬರೆದಿದ್ದಳು: "ಕಿವಿ ಮುಟ್ಟಿ ನೋಡು. ತಣ್ಣಗಿದೆಯಾ? ಕರು ಹಾಕಿ ಎರಡು ಮೂರು ದಿನವೂ ಆಗಿಲ್ಲವಾ? ಹಾಗಾದರೆ ಓದೋದು ನಿಲ್ಲಿಸು. ಡಾಕ್ಟರಿಗೆ ಫೋನ್ ಮಾಡು. ಮಾಡಿದ ಮೇಲೆ ಮುಂದಕ್ಕೆ ಓದು." ಓದಬೇಡ ಎಂದು ಹೇಳುವ ಪುಸ್ತಕವನ್ನು ನಾನು ಬೇರೆಲ್ಲೂ ಕಂಡಿಲ್ಲ.  ಆ ಪುಟವನ್ನು ಯಾರನ್ನು ನೆನೆದು ಬರೆದಳು ಎಂದು ನಾನು ಕೇಳಲಿಲ್ಲ.

ಎಲ್ಲಾ ಮುಗಿದ ಮೇಲೆ ನಮ್ಮ ಪಶು ಡಾಕ್ಟರಿಗೆ ತೋರಿಸೋಣ ಎಂದವಳು ಗಂಗನೇ. ಅವರು ಕೂತು ಪೂರ್ತಿ ಓದಿದರು, ಚೆನ್ನಾಗಿದೆ ಎಂದರು, ಒಂದು ಕಡೆ ಮಾತ್ರ ಬೆರಳಿಟ್ಟರು. ಹೊಟ್ಟೆ ಉಬ್ಬರಿಸಿ ಮಲಗಿದ ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಎಣ್ಣೆ ಹುಯ್ಯಿ ಎಂದು ಗಂಗ ಬರೆದಿದ್ದಳು. ಎಷ್ಟೋ ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದ ಮದ್ದು ಅದು. ಮಲಗಿದ ಹಸುವಿಗೆ ಹುಯ್ದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದಮ್ಮ ಎಂದರು. ನನಗೆ ರೇಗಿತು. ಇವಳ ಮಾತಿನಿಂದ ಎಷ್ಟು ಹಸು ಉಳಿದಿವೆ ಗೊತ್ತಾ ನಿಮಗೆ ಎಂದು ಶುರು ಮಾಡಿದ್ದೆ, ಗಂಗ ಚಿವುಟಿದಳು. ಮನೆಗೆ ಬಂದು ಆ ಸಾಲು ಅಳಿಸಿ ಸುಮ್ಮನಾಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. "ಮಲಗಿದ ಹಸುವಿನ ಗಂಟಲಿಗೆ ಏನೂ ಹುಯ್ಯಬೇಡ. ನಾನೇ ಮೊದಲು ಹುಯ್ಯಿ ಅಂತ ಹೇಳ್ತಿದ್ದೆ. ಅದು ತಪ್ಪು. ನನ್ನ ಮಾತು ಕೇಳಿ ಕಲಿತವರು ಈಗ ನನ್ನ ಮಾತು ಕೇಳಿ ಬಿಡಿ" ಎಂದು ಬರೆದಳು. ನನ್ನಿಂದ ಆಗುತ್ತಿರಲಿಲ್ಲ. ಸತ್ತರೂ ಆಗುತ್ತಿರಲಿಲ್ಲ. ಅವತ್ತು ಅವಳು ನನಗಿಂತ ದೊಡ್ಡವಳು ಎನಿಸಿತು, ವಯಸ್ಸಿನಲ್ಲಿ ನಾನು ಹಿರಿಯಳಾದರೂ.

ಪುಸ್ತಕ ಹೋಯಿತು. ಒಂದು ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ದಾಟಿತು. ಕೈ ಮುಗಿಯುವ ಬೊಂಬೆ, ಹೆಬ್ಬೆರಳು, ಹೂವು ರಾಶಿ ರಾಶಿ ಬಂದವು. ಗಂಗನಿಗೆ ಸಮಾಧಾನ ಇಲ್ಲ. "ಅಕ್ಕ, ಹೂವು ಕಳ್ಸೋರೆಲ್ಲ ಓದಿರ್ತಾರಾ? ಹಸು ಒದ್ದಾಡ್ತಿರೋವಾಗ ಪುಸ್ತಕ ಯಾರು ತೆಗೀತಾರೆ? ಮಾತು ಅಂದ್ರೆ ಮಾತೇ. ಅದು ಹೋಯ್ತು" ಎಂದಳು.

ಮಾವಿನ ಕಾಲ ಮುಗಿಯುವ ಹೊತ್ತಿಗೆ ನನ್ನ ತಂಗಿ ಸುನಂದಳ ಮೊಮ್ಮಗುವಿಗೆ ನಾಮಕರಣ ಬಂತು. ಶ್ರೀನಿವಾಸಪುರದಿಂದ ಇನ್ನೂ ಒಳಗಿನ ಹಳ್ಳಿ. ಗಂಗನನ್ನೂ ಬಲವಂತ ಮಾಡಿ ಕರೆದುಕೊಂಡು ಹೋದೆ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ ಪಕ್ಕದ ಮನೆಯಲ್ಲಿ ಹಸು ಕೂಗುವುದು ಕೇಳಿಸಿತು. ಗಂಗ ಎದ್ದು ಹೊರಟೇಬಿಟ್ಟಳು. ನಾನೂ ಹಿಂದೆಯೇ ಹೋದೆ.

ಕೊಟ್ಟಿಗೆಯಲ್ಲಿ ಹಸು ಕರು ಹಾಕುತ್ತಿತ್ತು. ಗಂಡ ಹಿಂದೆ ಕೂತಿದ್ದ, ಮುದುಕಿ ಅತ್ತೆ ಹಸುವಿನ ಕೊರಳು ಸವರುತ್ತಿದ್ದಳು. ಚಿಕ್ಕ ವಯಸ್ಸಿನ ಸೊಸೆ ಕಂಬಕ್ಕೆ ಒರಗಿ ಫೋನು ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು.

"ಗೊರಸು ಎರಡು, ಅದರ ಮೇಲೆ ಮೂಗು. ಕಾಣಿಸ್ತಾ? ಕಂಡ್ರೆ ಎಲ್ಲಾ ಸರಿಯಾಗಿದೆ. ನೀನು ಕೈ ಕಟ್ಕೊಂಡು ಕೂತ್ಕೋ. ಎಳೆಯೋಕೆ ಅದೇನು ಬಾವಿ ಹಗ್ಗ ಅಲ್ಲ."

ಗಂಡ ತಟ್ಟನೆ ಕೈ ಹಿಂದಕ್ಕೆ ತೆಗೆದ. ಅತ್ತೆ ತೆಲುಗಿನಲ್ಲಿ, "ಏಮಂಟಾದೇ ಆಯಮ್ಮ?" ಎಂದು ಕೇಳಿದಳು, ಆಯಮ್ಮ ಏನನ್ನುತ್ತಾಳೆ ಎಂದು. ಸೊಸೆ ಅದನ್ನೇ ತೆಲುಗಿನಲ್ಲಿ ಹೇಳಿದಳು, ಬೈಗುಳ ಒಂದೂ ಬಿಡದೆ. ಅತ್ತೆ ನಕ್ಕು ಮಗನ ತಲೆಗೆ ಮೊಟಕಿದಳು. ನಾನು ಗಂಗನ ಕಡೆ ನೋಡಿದೆ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಮೂಗಿನ ತುಂಬ ಲೋಳೆ. ಸೊಸೆ ಗಡಿಬಿಡಿಯಲ್ಲಿ ಮುಂದಿನ ಪುಟ ಹುಡುಕುತ್ತಿದ್ದಳು. ಗಂಗನಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಅವಳ ಕಿವಿಯ ಹತ್ತಿರ, "ಮೂಗು ಒರೆಸ್ಬೇಕಮ್ಮ" ಎಂದು ಪಿಸುಗುಟ್ಟಿದಳು.

ಹುಡುಗಿ ಫೋನಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ಸುಮ್ನಿರಮ್ಮ ನೀನು" ಎಂದಳು, "ಗಂಗಕ್ಕ ಏನ್ ಹೇಳ್ತಾಳೆ ನೋಡ್ತಿದೀನಿ."

ನಾನು ಬಾಯಿ ತೆರೆದೆ. ಗಂಗ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅಷ್ಟರಲ್ಲಿ ಹುಡುಗಿಗೆ ಪುಟ ಸಿಕ್ಕಿತು, ಇಡೀ ಬೀದಿಗೆ ಕೇಳುವಂತೆ ಓದತೊಡಗಿದಳು. ಗಂಗ ಅವಳು ಹೇಳಿದ ಹಾಗೆಯೇ ಸುಮ್ಮನೆ ನಿಂತು ಕೇಳಿದಳು.