ಕಾಲುಂಗುರದ ಅಡಿಯ ಚರ್ಮ

ಆಷಾಢದಲ್ಲಿ ಉಪ್ಪುಂದದ ನಮ್ಮ ಕೇರಿಯ ಮಹಿಳಾ ಮಂಡಳಿಯವರು ಕುಂದಾಪುರದಿಂದ ರಮ್ಯಶ್ರೀ ಎಂಬ ಬ್ಯೂಟಿ ಪಾರ್ಲರಿನ ಹೆಂಗಸನ್ನು ಕರೆಸಿದರು. ಮಳೆಗಾಲದಲ್ಲಿ ಚರ್ಮದ ಆರೈಕೆ ಎಂಬುದು ವಿಷಯ. ಕೇಳಲು ಕೂತವರು ಬೆಳಗಿನಿಂದ ಮಂಜುಗಡ್ಡೆಯಲ್ಲಿ ಕೈ, ಉಪ್ಪುನೀರಿನಲ್ಲಿ ಕಾಲು ಇಟ್ಟು ಮೀನು ಮಾರುವವರು. ಆಕೆ ಅವರಿಗೆ ಮುಖಕ್ಕೆ ದಿನಕ್ಕೆರಡು ಸಲ ಗುಲಾಬಿ ನೀರು ಸಿಂಪಡಿಸಿಕೊಳ್ಳಿ ಎಂದಳು. ಮುಖದಿಂದ ಕೆಳಗೂ ಮನುಷ್ಯರಿಗೆ ದೇಹವಿದೆ ಎಂಬ ಸುದ್ದಿ ಆಕೆಗೆ ತಲುಪಿದಂತಿರಲಿಲ್ಲ. ಕೊನೆಗೆ ತಲೆಗೊಂದು ಕ್ರೀಮಿನ ಡಬ್ಬಿ ಹಂಚಿ, ಫೋಟೊ ತೆಗೆಸಿಕೊಂಡು ಹೋದಳು.

ನನ್ನ ಸೊಸೆ ಶ್ರೀಲತಾ ಆ ಕ್ರೀಮನ್ನು ಕಾಲ್ಬೆರಳ ಸಂದಿಗೆ ಹಚ್ಚಿದಳು. ಮಳೆಗಾಲದಲ್ಲಿ ಅಲ್ಲಿ ಬಿಳಿಚಿ ಕೊಳೆಯುವುದು ನಮ್ಮ ಹೆಂಗಸರಿಗೆ ಇದ್ದದ್ದೇ. ಒಣಗಬೇಕಾದ ಜಾಗಕ್ಕೆ ಜಿಡ್ಡು ಬಿದ್ದು, ನಾಲ್ಕು ದಿನದಲ್ಲಿ ಕಾಲುಂಗುರದ ಅಡಿಯ ಚರ್ಮ ಕಿತ್ತು ಬಂತು. ಬೆರಳು ಬಾತು, ಬೆಳ್ಳಿಯ ಸುತ್ತು ಮಾಂಸದಲ್ಲಿ ಹೂತಿತು. ಬೈಂದೂರಿನ ಡಾಕ್ಟರು ಮಾತ್ರೆ, ಪುಡಿ ಕೊಟ್ಟು, ಮೊದಲು ಉಂಗುರ ತೆಗೆಯಿರಿ, ತಡವಾದರೆ ಬೆರಳು ಉಳಿಯುವುದಿಲ್ಲ ಎಂದರು.

ಅವಳು ಮಾತ್ರೆ ನುಂಗಿದಳು, ಪುಡಿ ಹಾಕಿದಳು. ಉಂಗುರ ತೆಗೆಯಲಿಲ್ಲ. ನನ್ನ ಮಗ ಅಶೋಕ ಮಳೆಗಾಲದ ನಾಡದೋಣಿಯಲ್ಲಿ ದಿನವೂ ಕಡಲಿಗೆ ಹೋಗುತ್ತಾನೆ. ಗಂಡ ನೀರಿನ ಮೇಲಿರುವಾಗ ಕಾಲುಂಗುರ ತೆಗೆಯಬಾರದು ಎಂಬುದು ಕೇರಿಯ ಕಟ್ಟುಪಾಡು. ಅವನು ದಡದಲ್ಲಿರುವಾಗ ತೆಗೆದರೆ ನಾಳೆ ಹೋಗುವವನಿಗೆ ಕೆಡುಕಂತೆ. ಹೀಗೆ ನೋಡಿದರೆ ತೆಗೆಯಲು ದಿನವೇ ಇಲ್ಲ.

ಮೂರನೇ ದಿನ ಬೆಳಿಗ್ಗೆ ಅವಳಿಗೆ ಜ್ವರ. ಕೆಂಪು ಕಾಲಗಂಟಿನವರೆಗೆ ಏರಿತ್ತು. ಅಶೋಕ ಆಗಲೇ ದೋಣಿ ಹತ್ತಿ ಹೋಗಿದ್ದ. ನಾನು ದೇವರಿಗೆ ದೀಪ ಹಚ್ಚಿ, ಬಲೆಯ ಪೆಟ್ಟಿಗೆಯಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದೆ. ಪಕ್ಕದ ಮನೆಯ ನನ್ನ ತಂಗಿ ಸುಗುಣ ಅದನ್ನು ಕಂಡು ಓಡಿ ಬಂದಳು.

"ಹ್ವಾಯ್ ಅಣ್ಣ, ಎಂತ ಮಾಡ್ತಿದ್ದೆ? ಗಂಡ ಕಡ್ಲಂಗ್ ಇಪ್ಪತಿಗೆ ಕಾಲುಂಗ್ರ ತೆಗುದಾ?"

"ಮತ್ ಯಾವಾಗ ತೆಗುದ್? ಕಾಲ್ ತೆಗ್ದ್ ಮೇಲಾ?"

"ಅತ್ಗಿ ತೆಗಿಲಿಲ್ಲ ಕಾಣ್. ಮುತ್ತೈದಿ ಆಯ್ಕಂಡೇ ಹೋದ್ಲ್."

ಅತ್ತಿಗೆ ಎಂದರೆ ನನ್ನ ಹೆಂಡತಿ ಸೀತು. ಹೋದ ವರ್ಷ ಇದೇ ತಿಂಗಳು ಅವಳ ಬೆರಳೂ ಹೀಗೆಯೇ ಕೊಳೆಯಿತು. ಸಕ್ಕರೆ ಕಾಯಿಲೆ ಬೇರೆ. ಡಾಕ್ಟರು ಉಂಗುರ ತೆಗೆಯಲು ಹೇಳಿದಾಗ, ನಾನು ಬದುಕಿರುವಾಗ ಅದು ಆಗದು ಎಂದು ದನಿಯೇರಿಸಿದವನು ನಾನು. ಬದಲಿಗೆ ಹಟ್ಟಿಯಂಗಡಿಯ ಗಣಪತಿಗೆ ಹರಕೆ ಹೊತ್ತೆ. ದೇವರ ಮೇಲೆ ನನಗೆ ದೂರಿಲ್ಲ. ಡಾಕ್ಟರ ಬಾಯಿಂದ ಅವನು ಉಪಾಯ ಹೇಳಿಸಿಯೇ ಇದ್ದ. ನಂಜು ಮೈಗೇರಿ ಸೀತು ಹೋದಳು. ಬಂದವರೆಲ್ಲ ಹೂವು ಹಾಕಿ, ಪುಣ್ಯವಂತೆ, ಮುತ್ತೈದೆ ಸಾವು ಎಂದರು. ಆ ಕೊಳೆತ ಕಾಲನ್ನು ಸೀರೆಯ ಸೆರಗಿನಿಂದ ಮುಚ್ಚಿ ಹೊಗಳಿದರು. ನಾನು ಹೌದು ಹೌದೆಂದು ತಲೆಯಾಡಿಸುತ್ತ ಕೂತಿದ್ದೆ. ಗುಲಾಬಿ ನೀರಿನ ಹೆಂಗಸಾದರೂ ಮೇಲು, ಅವಳಿಗೆ ತಿಳಿದಿರಲಿಲ್ಲ. ನನಗೆ ಡಾಕ್ಟರು ತಿಳಿಸಿ ಹೇಳಿದ್ದರು.

"ಮುತ್ತೈದಿ ಆಯ್ ಹೋದ್ದಲ್ಲ ಸುಗುಣ, ನಾನೇ ಕಳ್ಸದ್ದ್," ಎಂದೆ. "ಆ ಉಂಗ್ರ ಕಾದದ್ದ್ ಯಾರನ್ನ? ಈ ಮುದ್ಕನ್ನ!"

ಶ್ರೀಲತಾ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಮಾವ, ನಿಮ್ಮ್ ಮಗನಿಗೆ ಎಂತಾರೂ ಆರೆ? ಗಾಳಿ ಕಾಣಿ ಹ್ಯಾಂಗಿತ್ತ್."

"ಆರೆ ನನ್ನ್ ಹೆಸ್ರ್ ಹೇಳ್. ಮಾವ ಕತ್ರಿಸದ್ದ್ ಅಂತ ಇಡೀ ಊರಿಗ್ ಹೇಳ್. ಕಾಲ್ ಚಾಚ್."

"ನೀವ್ ಮುಟ್ಬೇಡಿ ಮಾವ, ದೊಡ್ಡೋರ್ ನೀವ್. ನಂಗ್ ಪಾಪ ಬತ್ತ್."

"ಪಾಪದ್ ಲೆಕ್ಕ ನಂಗ್ ಬಿಡ್. ನನ್ ಹತ್ರ ಬೇಕಾದಷ್ಟ್ ಇತ್ತ್."

ಅವಳು ಅಳುತ್ತಲೇ ಕಾಲು ಚಾಚಿದಳು. ನಾನು ನೆಲದ ಮೇಲೆ ಕೂತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಇಕ್ಕಳದ ತುದಿ ಬೆಳ್ಳಿಯ ಅಡಿಗೆ ಹೋಗುವಾಗ ಅವಳು ಕಂಬ ಹಿಡಿದು ಕೂಗಿದಳು. ಸುತ್ತು ತುಂಡಾಗಿ ಬಂತು, ಕೀವು ಹರಿಯಿತು. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಮೆತ್ತನೆಯ ಪಂಚೆಯಿಂದ ಬೆರಳು ಬೆರಳಿನ ನಡುವೆ ಒತ್ತಿ ಒರೆಸಿದೆ. ಸೀತುವಿನ ಪಾದವನ್ನು ನಲವತ್ತೊಂದು ವರ್ಷಗಳಲ್ಲಿ ಒಂದು ಸಲವೂ ನಾನು ಹೀಗೆ ಹಿಡಿದಿರಲಿಲ್ಲ.

"ಇನ್ನ್ ಆಸ್ಪತ್ರೆಗ್ ಹೋಪ," ಎಂದೆ. "ರಿಕ್ಷಾ ಬಪ್ಪ ತನಕ ಕಾಲ್ ಹೀಂಗೇ ಇರ್ಲಿ, ಒಣ್ಗಲಿ."

ಸುಗುಣ ಬಾಗಿಲಲ್ಲೇ ನಿಂತಿದ್ದಳು. "ಕೇರಿಯವ್ರ್ ಎಂತ ಅಂಬ್ರ್ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತ್. ಅವ್ರ್ ಹೇಳುಕ್ ಬಪ್ಪತಿಗೆ ಕೆಸ್ರ್ ಕಾಲ್ ತೊಳ್ಕಂಡ್ ಬಪ್ಪುಕ್ ಹೇಳ್. ಒಳ್ಗೆ ಹುಣ್ಣಿನ್ ಕಾಲ್ ಇತ್ತ್."