ಹೋಳಿ ರೊಕ್ಕದ ಕ್ಲಬ್ಬು

ಮೈಕನ್ನು ನನ್ನ ಕೈಗೇ ಕೊಟ್ಟುಬಿಟ್ಟರೆ ಏನು ಗತಿ?

ಭಾನುವಾರ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ತುಳಜಾ ಡೈರಿಯಲ್ಲಿ ಬರೆದದ್ದು ಇಷ್ಟೇ. ಬರೆದವಳೇ ಅದರ ಮೇಲೆ ಗೀಟು ಎಳೆದಳು. ಓದುವವರು ಯಾರೂ ಇಲ್ಲ, ಆದರೂ ನಾಚಿಕೆ. ಬಿ.ಕಾಂ. ಮುಗಿಸಿ ಒಂದು ಫುಟ್‌ಬಾಲ್ ಕ್ಲಬ್ಬಿನ ಲೆಕ್ಕ ನೋಡುವ ಹುಡುಗಿ, ರೊಟ್ಟಿ ಲಟ್ಟಣಿಗೆಯಷ್ಟಿರುವ ಮೈಕಿಗೆ ಹೆದರುವುದೆಂದರೆ! ಆದರೆ ನಾಲ್ಕು ಜನರ ಮುಂದೆ ನಿಂತರೆ ಸಾಕು, ಅವಳ ಕಿವಿ ಬಿಸಿಯಾಗುತ್ತಿತ್ತು, ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು.

"ಮೀಟಿಂಗಿಗೆ ನಾನೂ ಬರ್ತೇನಿ," ಎಂದಳು ಒಳಗಿಂದ ಭೀಮಿಬಾಯಿ. ಲಂಬಾಣಿ ತಾಂಡಾದ ಮಕ್ಕಳೆಲ್ಲ ತಾಯಿಯನ್ನು ಕರೆಯುವಂತೆ ತುಳಜಾಳಿಗೂ ಅವಳು ಯಾಡಿ.

"ನೀ ಯಾಕ ಬರ್ತಿ, ಯಾಡಿ? ಅಲ್ಲಿ ಬರೇ ಲೆಕ್ಕದ ಮಾತು."

"ಯಾಕ, ಲೆಕ್ಕದಾಗ ನಾ ಇಲ್ಲೇನು?"

ತುಳಜಾ ಡೈರಿ ಮುಚ್ಚಿದಳು. ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ.

ಮುಂಡಗೋಡ ಸ್ಪೋರ್ಟಿಂಗ್ ಅಂದರೆ ಹೊರಗಿನವರು ನಗುತ್ತಿದ್ದರು. ಪಕ್ಕದ ಇಂದೂರ ಹಳ್ಳಿಯ ಮೈದಾನ, ಅಣಶಿಯ ಕಡೆಯಿಂದ ಬಂದ ಓಟಗಾರ ಹುಡುಗ, ಟಿಬೆಟನ್ ಕ್ಯಾಂಪಿನ ಇಬ್ಬರು, ಗೋಲಿನಲ್ಲಿ ತಾಂಡಾದ ಅಜಯ. ಇಷ್ಟನ್ನು ಕಟ್ಟಿಕೊಂಡು ರಾಜ್ಯದ ವೃತ್ತಿಪರ ಲೀಗಿಗೆ ಹತ್ತಿದ ಕ್ಲಬ್ಬು ಅದು. ಆಟಗಾರರಿಗೆ ಪಗಾರ ಉಂಟು. ಸಣ್ಣದು, ಆದರೆ ಎಂದೂ ತಪ್ಪಿದ್ದಿಲ್ಲ. ಹತ್ತಿ ಮೂರು ವರ್ಷವಾದರೂ ಕೆಳಗಿಳಿದಿರಲಿಲ್ಲ. ಈಗ ಲೀಗಿನವರು ಹೊಸ ನಿಯಮ ತಂದಿದ್ದರು: ಮುಂದಿನ ಹಂಗಾಮಿನಿಂದ ಜಿಲ್ಲೆಗೆ ಒಂದೇ ಕ್ಲಬ್ಬು. ಎರಡಿದ್ದರೆ ಒಂದಾಗಿ ಬನ್ನಿ, ಇಲ್ಲವೇ ಇಬ್ಬರ ಹಣಕಾಸೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ, ಗಟ್ಟಿಯಾಗಿರುವವರು ಉಳಿಯಲಿ, ಎಂದು.

ಜಿಲ್ಲೆಯ ಇನ್ನೊಂದು ಕ್ಲಬ್ಬು ದಾಂಡೇಲಿ ಹಾರ್ನ್‌ಬಿಲ್ಸ್. ಅದರ ಮಾಲೀಕನಿಗೆ ಕಾಳಿ ನದಿಯ ದಂಡೆಗುಂಟ ರಿಸಾರ್ಟುಗಳು, ನೀರಿನಲ್ಲಿ ಓಡಿಸಲು ರಬ್ಬರ್ ದೋಣಿಗಳು. ಒಂದಾಗೋಣ ಎಂದು ಅವರೇ ಕರೆದಿದ್ದರು. ಒಂದಾಗುವುದೆಂದರೆ ಹೆಸರು ಅವರದು, ಮೈದಾನ ಅವರದು. ಮುಂಡಗೋಡದ ಐದು ಜನ ಹುಡುಗರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುವುದು.

ಅಧ್ಯಕ್ಷ ಚನಬಸಪ್ಪ ಗೋವಿನಜೋಳದ ವ್ಯಾಪಾರಿ. ಕೆಟ್ಟ ಮನುಷ್ಯನಲ್ಲ, ಆದರೆ ದೊಡ್ಡ ಮೊತ್ತ ಕಂಡರೆ ಮೆತ್ತಗಾಗುವವ. ಹಿಂದಿನ ವಾರ ತುಳಜಾ ಸಿದ್ಧಮಾಡಿದ ಜಮಾಖರ್ಚು ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟಿದ್ದ.

"ತಂಗಿ, ಇದೇನಿದು, ಹೋಳಿ ಫಾಗು? ದಾಂಡೇಲಿಯವರು ನೋಡಿದ್ರ ಏನಂದಾರು? ಇತರೆ ಅಂತ ಬರಿ."

ಹೋಳಿಗೆ ತಾಂಡಾದ ಹೆಂಗಸರು ಕನ್ನಡಿ ಹೊಲಿದ ಲಂಗ ಉಟ್ಟು ಪೇಟೆಗೆ ಇಳಿಯುತ್ತಾರೆ. ಅಂಗಡಿ, ಕಚೇರಿ, ಬಸ್ ನಿಲ್ದಾಣ ಒಂದೂ ಬಿಡದೆ ಹಾಡಿ ಕುಣಿದು ಫಾಗು ಕೇಳುತ್ತಾರೆ. ಬೇಡುವುದಲ್ಲ, ಹಕ್ಕಿನಿಂದ ಕೇಳುವುದು. ಕೊಡದೆ ಹೋದರೆ ಹಾಡಿನಲ್ಲೇ ಮರ್ಯಾದೆ ತೆಗೆಯುತ್ತಾರೆ. ಹಿಂದೆಲ್ಲ ಆ ರೊಕ್ಕದಲ್ಲಿ ತಾಂಡಾಕ್ಕೆ ಊಟವಾಗುತ್ತಿತ್ತು. ಒಂದು ವರ್ಷ ಅಜಯ ಹರಿದ ಬೂಟಿಗೆ ಸುತಳಿ ದಾರ ಕಟ್ಟಿಕೊಂಡು ಗೋಲು ಕಾದದ್ದನ್ನು ಭೀಮಿಬಾಯಿ ನೋಡಿದಳು. "ಈ ಸಲ ಊಟ ಸಾಕು, ಬೂಟು ತರೂಣು," ಎಂದಳು. ಅಂದಿನಿಂದ ಫಾಗು ಕ್ಲಬ್ಬಿಗೆ. ಈಗ ಅವರು ಹಳಿಯಾಳದ ಪೇಟೆಯವರೆಗೂ ಕುಣಿದು ಬರುತ್ತಾರೆ. ದೂರದ ಪಂದ್ಯಗಳಿಗೆ ಬಸ್ಸು ಹೊರಡುವುದು ಆ ರೊಕ್ಕದಿಂದ.

ತುಳಜಾ ಆ ಹೆಸರು ಅಳಿಸಿ "ಇತರೆ" ಎಂದು ಟೈಪ್ ಮಾಡಿದ್ದಳು. ಆಮೇಲೆ ಊಟ ಸೇರಿರಲಿಲ್ಲ.

ಸಭೆ ಸೇರಿದ್ದು ಚನಬಸಪ್ಪನ ಗೋದಾಮಿನಲ್ಲಿ. ಚೀಲದ ರಾಶಿಯ ಮೇಲಿಂದ ಬಿಳಿ ಬೆಡ್‌ಶೀಟ್ ಇಳಿಬಿಟ್ಟು ಅದನ್ನೇ ಪರದೆ ಮಾಡಿದ್ದರು. ಸದಸ್ಯರು ಕೆಲವರು ಕುರ್ಚಿಯಲ್ಲಿ, ಹಲವರು ಚೀಲಗಳ ಮೇಲೆ. ಬಾಗಿಲ ಹತ್ತಿರ ಭೀಮಿಬಾಯಿ, ಅವಳ ಜೊತೆ ತಾಂಡಾದ ನಾಲ್ಕಾರು ಹೆಂಗಸರು. ತುಳಜಾ ಲ್ಯಾಪ್‌ಟಾಪಿನ ಮುಂದೆ. ಸದ್ಯ, ಮೈಕು ದಾಂಡೇಲಿಯ ಲೋಕೇಶನ ಕೈಯಲ್ಲಿತ್ತು.

ಲೋಕೇಶ ಹಾರ್ನ್‌ಬಿಲ್ಸಿನ ಹಣಕಾಸು ಮ್ಯಾನೇಜರ್. ಸೆಕೆಯಲ್ಲೂ ಕೋಟು ತೆಗೆದಿರಲಿಲ್ಲ. ಎರಡೂ ಕ್ಲಬ್ಬುಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟ ಒಂದು ಹಾಳೆಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ಅದು ಬೆಡ್‌ಶೀಟಿನ ಮೇಲೆ ಅಗಲವಾಗಿ ಮೂಡಿತು.

"ನೋಡ್ರಿ ಹಿರಿಯರ. ಹೋದ ವರ್ಷ ನಮ್ಮ ಕ್ಲಬ್ಬಿಗೆ ಬಂದದ್ದು ಎರಡೂ ಕಾಲು ಕೋಟಿ. ನಿಮಗ ಮೂವತ್ತೊಂದು ಲಕ್ಷ. ನಮ್ಮ ಒಬ್ಬ ಸ್ಟ್ರೈಕರ್‌ನ ಪಗಾರದಾಗ ನಿಮ್ಮ ಅರ್ಧಾ ಟೀಮು ಬರ್ತೈತಿ."

"ಆ ಸ್ಟ್ರೈಕರ್ ನನ್ನ ಮುಂದ ಎರಡು ಪೆನಾಲ್ಟಿ ಹೊಡದಾನ್ರೀ," ಎಂದ ಅಜಯ ಚೀಲದ ಮೇಲಿಂದ. "ಎರಡೂ ನನ್ನ ಕೈಯಾಗ ಬಂದು ಕುಂತ್ವು. ರೊಕ್ಕ ಭಾಳ ಕೊಟ್ರ ಚೆಂಡು ಹಗುರ ಆಗ್ತೈತೇನು?"

ಗೋದಾಮು ನಕ್ಕಿತು. ಲೋಕೇಶನೂ ನಕ್ಕ, ತಾಳ್ಮೆಯಿರುವವನ ಹಾಗೆ. "ಮಸ್ಕಿರಿ ಇರ್ಲಿ. ಆದ್ರ ಲೀಗಿನವ್ರು ಪೆನಾಲ್ಟಿ ನೋಡಂಗಿಲ್ಲ, ಇದನ್ನ ನೋಡ್ತಾರ. ಹೋಲಿಸಿದ್ರ ನೀವು ಸೋಲ್ತೀರಿ. ಸೋತ ಮ್ಯಾಲ ಈ ಐದು ಹುಡುಗರ ಮಾತೂ ಇರಂಗಿಲ್ಲ. ಸಾಹುಕಾರ್ರ, ಇವತ್ತ ಸಹಿ ಮಾಡಿದ್ರ ಒಳ್ಳೇದು."

ಕರಾರು ಪತ್ರ ಚನಬಸಪ್ಪನ ಮುಂದೆ ಬಂತು. ಅವನು ಕಿಸೆಯಿಂದ ಪೆನ್ನು ತೆಗೆದ. ಎರಡೂ ಕಾಲು ಕೋಟಿ ಎಂಬ ಅಂಕಿ ಎಲ್ಲರ ತಲೆಯ ಮೇಲೆ ಬೆಳಗುತ್ತಲೇ ಇತ್ತು.

ತುಳಜಾಳ ಕಣ್ಣು ಬೇರೆ ಕಡೆ ಇತ್ತು. ಲ್ಯಾಪ್‌ಟಾಪಿನ ಅಂಚಿನ ಸ್ಕ್ರೋಲ್ ಪಟ್ಟಿ ಹಾಳೆಯ ಅರ್ಧಕ್ಕೇ ನಿಂತಿತ್ತು. ಕೆಳಗೆ ಇನ್ನೂ ಏನೋ ಇದೆ. ಬಂದ ರೊಕ್ಕ ನೋಡಿದ ಮೇಲೆ ಅದು ಎಲ್ಲಿಂದ ಬಂತು ಎಂದು ನೋಡದೆ ಹಾಳೆ ಮುಚ್ಚಬೇಡಿ ಅಂತ ಹಳಿಯಾಳದ ಕಾಲೇಜಿನಲ್ಲಿ ಮೂರು ವರ್ಷ ಕೇಳಿದ್ದಳು. ಕೇಳಲು ಬಾಯಿ ಬರಲಿಲ್ಲ. ಬೆರಳು ಬಂತು. ಹಾಳೆಯನ್ನು ಮೇಲಕ್ಕೆ ಸರಿಸಿದಳು.

ಬೆಡ್‌ಶೀಟಿನ ಮೇಲೆ ಕೋಟಿಗಳು ಮೇಲೇರಿ ಮರೆಯಾದವು. ಸಣ್ಣ ಅಕ್ಷರದ ಸಾಲುಗಳು ಬಂದವು.

"ಮೇಡಂ, ಮ್ಯಾಲ ತಗೊಳ್ರಿ. ಅದು ಬ್ಯಾಡ," ಎಂದ ಲೋಕೇಶ.

ತುಳಜಾ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಿವಿ ಬಿಸಿಯಾಗಿತ್ತು. ಆದರೆ ಸರಿಸಲಿಲ್ಲ.

"ಮೇಡಂ!"

ಅವಳು ಪರದೆಯನ್ನೇ ನೋಡುತ್ತಿದ್ದಳು. ಅಜಯ ಚೀಲದಿಂದ ಜಿಗಿದು ಹತ್ತಿರ ಹೋದ, ಕಣ್ಣು ಕಿರಿದು ಮಾಡಿ ಓದಿದ. "ಮಾಲೀಕರಿಂದ ಪಡೆದ ಸಾಲ, ಒಂದು ಕೋಟಿ ತೊಂಬತ್ತು ಲಕ್ಷ. ಕೇಳಿದಾಗ ಮರುಪಾವತಿಸತಕ್ಕದ್ದು." ತಿರುಗಿ ನಿಂತ. "ಸಾಹುಕಾರ್ರ, ಕೋಟಿ ಕೋಟಿ ಅಂದದ್ದು ಬಹುತೇಕ ಸಾಲರೀ ಇದು!"

"ಹೆಸರಿಗಷ್ಟ ಸಾಲ," ಎಂದ ಲೋಕೇಶ. "ನಮ್ಮ ಮಾಲೀಕರು ಯಾವತ್ತೂ ಕೇಳಂಗಿಲ್ಲ."

"ಮಳಿಗಾಲದಾಗ ದೋಣಿ ನಿಂತಾಗ ನಿಮ್ಮ ಹುಡುಗರಿಗೆ ಪಗಾರ ಯಾಕ ಆಗ್ಲಿಲ್ಲ?" ಎಂದ ಅಜಯ. "ನಿಮ್ಮ ಲೆಫ್ಟ್ ಬ್ಯಾಕ್ ನನ್ನ ಕಡೆ ಬಂದು ಮೆಸ್ಸಿನ ರೊಕ್ಕ ಇಸಗೊಂಡು ಹೋದ. ನಮ್ಮಲ್ಲಿ ಒಂದ ಸಲಾನರ ಪಗಾರ ತಪ್ಪೈತೇನು?"

ಚನಬಸಪ್ಪ ಪೆನ್ನನ್ನು ಕೆಳಗಿಟ್ಟ. ಅದರ ಟೊಪ್ಪಿಗೆ ಹಾಕಲಿಲ್ಲ. "ಲೋಕೇಶಪ್ಪಾ, ಇದನ್ನ ನೀವು ಮೊದಲ ಹೇಳಬೇಕಿತ್ತು," ಎಂದ.

ಲೋಕೇಶನ ತಾಳ್ಮೆ ಮುಗಿಯಿತು. "ನಮ್ಮದನ್ನ ಕೆದಕ್ತೀರಿ ಅಂದ್ರ ನಿಮ್ಮದೂ ನೋಡೂಣು. ಇಲ್ಲಿ ಇತರೆ ಅಂತ ಎರಡು ಲಕ್ಷ ಐತೆಲ್ಲ, ಏನದು? ನನಗ ಗೊತ್ತೈತಿ, ಪ್ಯಾಟ್ಯಾಗ ಎಲ್ಲಾರೂ ಅಂತಾರ. ಹೆಂಗಸರು ರಸ್ತೆದಾಗ ಕುಣಿದು ಬೇಡಿದ್ದು! ಲೀಗಿನವ್ರ ಮುಂದ ಇದನ್ನ ಆದಾಯ ಅಂತ ತೋರಿಸ್ತೀರಾ? ನಗ್ತಾರ. ನಮ್ಮದು ಸಾಲನ ಆಗ್ಲಿ, ಭಿಕ್ಷಾ ಅಲ್ಲ."

ಹೆಂಗಸರು ಭೀಮಿಬಾಯಿಯ ಕಡೆ ನೋಡಿದರು. ಭೀಮಿಬಾಯಿ, ಯಾವ ಸಾಹೇಬನ ಮುಂದೂ ಹಾಡು ನಿಲ್ಲಿಸದವಳು, ಸೆರಗಿನ ತುದಿ ಹಿಡಿದು ಪರದೆಯ ಮೇಲೆ ಲೋಕೇಶ ಬೆರಳು ಮಾಡಿದ ಆ ಒಂದು ಶಬ್ದವನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವಳು ಮಗಳ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತುಳಜಾ ತಡೆದುಕೊಳ್ಳುತ್ತಿದ್ದಳೇನೋ.

ಚನಬಸಪ್ಪ ತಲೆ ತಗ್ಗಿಸಿದ. "ಬಿಡ್ರಿ, ಆ ಸಾಲು ತಗದು ಹಾಕೂಣು..." ಎಂದು ಮತ್ತೆ ಪೆನ್ನಿಗೆ ಕೈ ಹಾಕಿದ.

ತುಳಜಾ ಎದ್ದು ನಿಂತಳು. ಕುರ್ಚಿ ಹಿಂದೆ ಬಿತ್ತು. ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿದಳು. ಏನಾಗುತ್ತಿದೆ ಎಂದು ತಿಳಿಯದೆ ಲೋಕೇಶ ಮೈಕನ್ನು ಅವಳ ಕೈಗೆ ಕೊಟ್ಟುಬಿಟ್ಟ. ಅದು ಅಂದುಕೊಂಡಷ್ಟು ಭಾರವಿರಲಿಲ್ಲ. ಅವಳ ಉಸಿರೇ ಗೋದಾಮಿನ ತುಂಬ ಕೇಳಿಸಿತು.

"ಹೇಳವ್ವಾ," ಎಂದ ಚನಬಸಪ್ಪ, ಪೆನ್ನು ಕೈಯಲ್ಲೇ ಹಿಡಿದು. "ಏನ್ ಬರೀಲಿ ಅಲ್ಲಿ?"

ಗಂಟಲಲ್ಲಿ ಕೂತಿದ್ದ ಮಾತು ಎದ್ದು ಬಂತು.

"ಅದು ಇತರೆ ಅಲ್ರೀ. ನಮ್ಮ ಯಾಡಿ ಕುಣಿದು ತಂದ ರೊಕ್ಕ. ಅದನ್ನ ತಿರುಗಿ ಕೇಳಾಕ ಯಾರೂ ಬರಂಗಿಲ್ಲ."