ಬೆರಳು ಒಂದೊಂದೂ ಕಾಣಬೇಕು

ನಾನು ಒಂದು ಮೊಬೈಲ್ ಫೋನು. ಶ್ರೀಮಂತರ ಜೇಬಿಗೆಂದು ಹುಟ್ಟಿದವನಲ್ಲ, ತೀರಾ ಅಗ್ಗದವನೂ ಅಲ್ಲ, ನಡುವಿನವನು. ನಾನು ಹುಟ್ಟಿದ ದಿನ ನನ್ನಂಥವರೇ ಸಾವಿರಾರು ಮಂದಿ ಕಾರ್ಖಾನೆಯ ಒಂದೇ ಓಡುವ ಪಟ್ಟಿಯ ಮೇಲೆ ಸಾಲಾಗಿ ಸಾಗಿ ಬಂದೆವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬಳು ಗುಂಡಿ ಒತ್ತಿ ನನ್ನನ್ನು ಎಬ್ಬಿಸಿದಳು. ಲೋಕದಲ್ಲಿ ನಾನು ಮೊದಲು ಕಂಡದ್ದು ಅವಳ ಎರಡು ಕಣ್ಣು. ಸರಿಯಾಗಿ ನೋಡುವ ಮೊದಲೇ ಡಬ್ಬಿಯ ಮುಚ್ಚಳ ಬಿತ್ತು.

ಮತ್ತೆ ಬೆಳಕು ಕಂಡದ್ದು ಗದಗದ ಸ್ಟೇಷನ್ ರಸ್ತೆಯ ಒಂದು ಅಂಗಡಿಯಲ್ಲಿ. ಮಾಲೀಕ ಯಲಿಗಾರ ನನ್ನನ್ನು ಗಾಜಿನ ಕಪಾಟಿನ ನಡುವಿನ ಹಲಗೆಯಲ್ಲಿಟ್ಟ. ಬಂದವರೆಲ್ಲ ಪರೀಕ್ಷೆ ಮಾಡುವವರೇ. ಒಬ್ಬ ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದ. ಇನ್ನೊಬ್ಬ ಹುಬ್ಬು ತೀಡಿಕೊಂಡು ಸೆಲ್ಫಿ ತೆಗೆದು ಮುಖ ಸಿಂಡರಿಸುತ್ತಿದ್ದ. ಮುಖ ಅವನದು, ತಪ್ಪು ನನ್ನದು! ಬ್ಯಾಟರಿ ಎಷ್ಟು ತಾಸು ಬರುತ್ತದೆ, ಗೇಮ್ ಆಡಿದರೆ ಬಿಸಿಯಾಗುತ್ತದೆಯೇ ಎಂದೆಲ್ಲ ವಿಚಾರಿಸಿ ಬಿಟ್ಟು ಹೋಗುತ್ತಿದ್ದರು. ನನಗಂತೂ ನನ್ನ ಸ್ಪೀಕರಿನ ಮೇಲೆ ಬಲು ಜಂಬ. ಯಲಿಗಾರ ಹಾಡು ಹಚ್ಚಿದರೆ ಎದುರಿನ ಚಹದ ಅಂಗಡಿಯವರು ತಿರುಗಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ನೀಲಾಂಬಿಕಾ ಬಂದಳು. ಬೆಟಗೇರಿಯಲ್ಲಿ ಜಂಪರು ಹೊಲಿಯುವವಳು. ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದಳು. ಯಲಿಗಾರ ವಾಡಿಕೆಯಂತೆ ಹಾಡು ಹಚ್ಚಿ, "ಆವಾಜ್ ಕೇಳ್ರಿ ಅಕ್ಕಾರ, ಹೆಂಗೈತಿ!" ಎಂದ. ಅವಳು ನಕ್ಕು, ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದಳು. ಹುಟ್ಟಿನಿಂದಲೇ ಕಿವಿ ಕೇಳದವಳು. ಅದು ತಿಳಿದ ಮೇಲೆ ಯಲಿಗಾರ ಮಾಡಿದ್ದೇನು? ಇನ್ನೂ ಜೋರಾಗಿ ಕೂಗಿ ಹೇಳತೊಡಗಿದ.

ಅವಳು ಚೀಟಿಯ ಮೇಲೆ ಬರೆದು ತೋರಿಸಿದಳು: "ಬೆರಳು ಒಂದೊಂದೂ ಕಾಣಬೇಕು." ನನ್ನನ್ನು ನೀರಿನ ಬಾಟಲಿಗೆ ಒರಗಿಸಿ, ವಿಡಿಯೋ ಹಚ್ಚಿ, ಮೂರು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಎತ್ತಿ ಸರಸರನೆ ಆಡಿಸಿದಳು. ನೊಣ ಓಡಿಸುತ್ತಿದ್ದಾಳೆ ಅಂದುಕೊಂಡೆ ನಾನು, ಪೆದ್ದ. ಮೇಲಿನ ಹಲಗೆಯ ಒಬ್ಬನಿಗೂ ಕೆಳಗಿನ ಇಬ್ಬರಿಗೂ ಅದೇ ಪರೀಕ್ಷೆಯಾಯಿತು. ಪ್ರತಿ ವಿಡಿಯೋವನ್ನೂ ನಿಧಾನ ಮಾಡಿ ನೋಡಿದಳು. ಮೇಲಿನವನು ಅವಳ ಮುಖಕ್ಕೆ ಹೊಳಪು ಕೊಟ್ಟಿದ್ದ, ಬೆರಳುಗಳನ್ನು ಮಾತ್ರ ಕಲಸಿ ಮುದ್ದೆ ಮಾಡಿದ್ದ. ನನ್ನಲ್ಲಿ ಹತ್ತೂ ಬೆರಳು ಬಿಡಿಬಿಡಿಯಾಗಿ ನಿಂತಿದ್ದವು. ಅಂದೇ ನಾನು ಅವಳ ಚೀಲ ಸೇರಿದೆ.

ಆ ಕೈಗಳು ಏನು ಮಾಡುತ್ತಿದ್ದವೆಂದು ಮನೆಗೆ ಹೋದ ಮೇಲೆ ತಿಳಿಯಿತು. ಗಂಡ ಮಹಾರುದ್ರ ಕೊಲ್ಲಾಪುರದಲ್ಲಿ ಪುಸ್ತಕ ಬೈಂಡು ಮಾಡುವ ಕಾರ್ಖಾನೆಯಲ್ಲಿದ್ದ. ಅವನಿಗೂ ಕಿವಿ ಕೇಳದು. ಮಧ್ಯಾಹ್ನ ಒಂದಕ್ಕೆ ಅವನ ಊಟದ ಬಿಡುವು. ನನ್ನ ದೀಪ ಮಿಣುಕಿದ ಕೂಡಲೇ ಅವಳು ನನ್ನನ್ನು ಹೊಲಿಗೆ ಯಂತ್ರಕ್ಕೆ ಒರಗಿಸುವಳು, ಅತ್ತ ಅವನು ತನ್ನ ಫೋನನ್ನು ಪುಸ್ತಕದ ರಾಶಿಗೆ ಒರಗಿಸುವನು. ಅರ್ಧ ತಾಸು ಬಳೆಯ ಸದ್ದು ಬಿಟ್ಟರೆ ಸದ್ದಿಲ್ಲ. ಆದರೆ ಎಂಥ ಮಾತು! ಜಗಳ, ಗೇಲಿ, ಓಣಿಯ ಸುದ್ದಿ, ಸಾರಿಗೆ ಉಪ್ಪು ಹೆಚ್ಚಾದದ್ದು. ಮೂಗುತಿಯ ಜಾಗ ಮುಟ್ಟಿದರೆ ಅವ್ವ. ಮೇಲ್ದುಟಿಯ ಮೇಲೆ ಬೆರಳಿನಿಂದ ಮೀಸೆ ಎಳೆದರೆ ಅಪ್ಪ. ಹುಬ್ಬು ಏರಿದರೆ ಅದೊಂದು ಪ್ರಶ್ನೆ. ಎಷ್ಟು ನೋಡಿದರೂ ನನಗೆ ಬೆರಗು ತೀರಲಿಲ್ಲ. ಬಾಯಿಲ್ಲದೆ ಇಷ್ಟೊಂದು ಹೇಳುವವರಿದ್ದಾರೆ, ಅವರ ಮಾತನ್ನು ಇನ್ನೂರು ಕಿಲೋಮೀಟರ್ ದಾಟಿಸುವವನು ನಾನು! ಸ್ಪೀಕರಿನ ಜಂಬ ಇಳಿದುಹೋಯಿತು.

ಒಮ್ಮೆ ಮಾತ್ರ ಮಾನ ಕಳೆದುಕೊಂಡೆ. ಹೊಸ ಅಪ್‌ಡೇಟು ಬಂದ ದಿನ, ಎದುರಿನವರ ಬೆನ್ನ ಹಿಂದೆ ಕಾಣುವುದನ್ನೆಲ್ಲ ಮಸುಕು ಮಾಡುವ ಚಾಳಿ ನನಗೆ ಅಂಟಿತು. ಮೈಯಿಂದ ದೂರ ಚಾಚಿದ ಕೈಯನ್ನೂ ಗೋಡೆಯೆಂದು ತಿಳಿದು ಅಳಿಸಿಬಿಟ್ಟೆ. ಹೆಂಡತಿಯ ಮಾತು ಅರ್ಧರ್ಧಕ್ಕೇ ಕಡಿದುಹೋಗುವುದನ್ನು ಕಂಡು ಮಹಾರುದ್ರ ಗಾಬರಿಯಾಗಿ ಎದ್ದು ನಿಂತ. ನೀಲಾಂಬಿಕಾ ಹುಡುಕಿ ಹುಡುಕಿ ಆ ಚಾಳಿಯನ್ನು ಬಿಡಿಸಿದಳು. ಈ ಮನೆಯಲ್ಲಿ ಕೈ ಅಳಿದರೆ ಏನು ಅಳಿಯುತ್ತದೆಂದು ಅಂದು ಕಲಿತೆ.

ಅದನ್ನು ಕಲಿಯದವಳು ಮನೆಯಲ್ಲಿ ಇನ್ನೊಬ್ಬಳಿದ್ದಳು, ನೀಲಾಂಬಿಕಾಳ ತಾಯಿ ಶಿವಗಂಗವ್ವ. ಹತ್ತು ತಿಂಗಳ ಮೊಮ್ಮಗಳು ಇಂಚರ ಹಗಲೆಲ್ಲ ಅವಳ ತೊಡೆಯ ಮೇಲೆ. ಕೂಸಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅದು ಕೈ ಎತ್ತಿದರೆ ಸಾಕು, ಶಿವಗಂಗವ್ವ ಎರಡೂ ಮುಷ್ಟಿ ಹಿಡಿದು ಕೆಳಗಿಳಿಸುವಳು.

"ಕೈಸನ್ನಿ ರೂಢಿ ಆತಂದ್ರ ಕೂಸಿಗೆ ಬಾಯಿ ಬರೂದಿಲ್ಲ," ಎಂದು ನೆರೆಯವರಿಗೆ ಹೇಳುವಳು. "ನೀಲಾ ಸಣ್ಣಾಕಿದ್ದಾಗ ಹಂಗ ಹೇಳಿದ್ರು ನನಗ. ಅರಿವಿ ತುಂಡಿಲೆ ಅಕಿ ಕೈ ಕಟ್ಟಿ ಕುಂದರಸ್ತಿದ್ದೆ. ಮಾತ ಬರಲಿ ಅಂತ."

ಮಾತು ಬಂದಿರಲಿಲ್ಲ. ನೀಲಾಂಬಿಕಾ ಕೈಮಾತು ಕಲಿತದ್ದು ಹನ್ನೆರಡನೆಯ ವಯಸ್ಸಿಗೆ, ಕಿವುಡ ಮಕ್ಕಳ ಶಾಲೆಯ ಅಂಗಳದಲ್ಲಿ, ಗೆಳತಿಯರಿಂದ. ತಾಯಿ ಮಗಳ ನಡುವೆ ಇಂದಿಗೂ ಬೊಟ್ಟು ತೋರಿಸುವಷ್ಟೇ ಮಾತು.

ದೀಪಾವಳಿಗೆ ಬಂದ ಮಹಾರುದ್ರನನ್ನು ಕಂಡು ಕೂಸು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿತ್ತು. ಅಂದಿನಿಂದ ಅವನು ದಿನವೂ ನನ್ನೊಳಗಿನಿಂದ ಮೀಸೆ ಎಳೆಯುತ್ತಿದ್ದ: ಅಪ್ಪ, ಅಪ್ಪ, ಅಪ್ಪ. ಕೂಸು ನನ್ನನ್ನು ನೆಕ್ಕಲು ಬರುತ್ತಿತ್ತು. ಒಂದು ದಿನ ಅವನ ಕೈಗಳು ಭಾರವಾಗಿ ಹೇಳಿದವು: "ನಾಳೆ ಇವಳು ಅಜ್ಜಿಯ ಹತ್ತಿರ ಬಾಯಿ ತುಂಬ ಮಾತಾಡುತ್ತಾಳೆ. ನಮ್ಮ ಹತ್ತಿರ ಬೊಟ್ಟು ಮಾಡಿ ನೀರು ಕೇಳುತ್ತಾಳೆ, ಅಷ್ಟೇ. ಮಗಳಿಗೆ ನಾನು ಯಾರೂ ಆಗುವುದಿಲ್ಲ." ನೀಲಾಂಬಿಕಾ ಕೂಸನ್ನು ನನ್ನ ಹತ್ತಿರಕ್ಕೆ ಎತ್ತಿ ಹಿಡಿದಳು.

ಸಂಕ್ರಾಂತಿ ಕಳೆದ ವಾರ. ಮದುವೆ ಮನೆಗೆ ಜಂಪರು ಮುಟ್ಟಿಸುವ ಅವಸರದಲ್ಲಿ ನೀಲಾಂಬಿಕಾ ನನ್ನನ್ನು ಯಂತ್ರದ ಮೇಲೆಯೇ ಮರೆತು ಹೋದಳು. ಒಂದು ಗಂಟೆಗೆ ನನ್ನ ದೀಪ ಮಿಣುಕಿತು. ಶಿವಗಂಗವ್ವ ಅದನ್ನು ಆರಿಸಲು ನನ್ನನ್ನು ಎತ್ತಿಕೊಂಡು ಎಲ್ಲೋ ಒತ್ತಿದಳು. ಮಹಾರುದ್ರ ಎದುರಿಗೆ ಬಂದ.

"ನೀಲಾ ಮನ್ಯಾಗಿಲ್ರೀ ಅಳ್ಯಾರ! ಜಂಪರ್ ಕೊಡಾಕ ಹೋಗ್ಯಾಳ!" ಎಂದು ಕೂಗಿದಳು. ಅವನು ಹುಬ್ಬು ಏರಿಸಿದ. ಮತ್ತೆ ಕೂಗಿದಳು. ಕೊನೆಗೆ ಬೇರೆ ದಾರಿ ಕಾಣದೆ, ತೊಡೆಯ ಮೇಲಿನ ಕೂಸಿನ ಕೈಗಳನ್ನು ಹಿಡಿದಿದ್ದ ತನ್ನ ಕೈ ಬಿಡಿಸಿಕೊಂಡು ಸೂಜಿ ಆಡಿಸಿದಂತೆ ಮಾಡಿ, ಬಾಗಿಲ ಕಡೆ ತೋರಿಸಿದಳು.

ಇಂಚರಳ ಕೈ ಬಿಡುವಾಯಿತು. ಅವಳು ನೆಟ್ಟಗೆ ನನ್ನ ಕಣ್ಣನ್ನೇ ನೋಡಿದಳು. ಪುಟ್ಟ ಬೆರಳನ್ನು ಮೇಲ್ದುಟಿಗೆ ಒತ್ತಿ ಕೆನ್ನೆಯ ತನಕ ಎಳೆದಳು.

ಅಪ್ಪ!

ಅಯ್ಯೋ, ಆ ಗಳಿಗೆಗೇ ನೆಟ್‌ವರ್ಕ್ ಒಂದು ಗೆರೆಗೆ ಇಳಿಯಬೇಕೆ? ನಾನು ಕಂಡೆ, ಕಳಿಸಲು ಆಗಲಿಲ್ಲ. ಅತ್ತ ಹೋದದ್ದು ನಾಲ್ಕಾರು ಬಣ್ಣದ ಚೌಕ. ಚಿತ್ರ ಮತ್ತೆ ಚಲಿಸಿದಾಗ ಮಹಾರುದ್ರ, "ಏನು? ಏನಾಯಿತು?" ಎಂದು ಕೈ ತಿರುವುತ್ತಿದ್ದ. ಕೂಸು ಆಗಲೇ ತನ್ನ ಕಾಲ್ಬೆರಳು ಚೀಪುತ್ತಿತ್ತು.

ಕಂಡವರು ಇಬ್ಬರೇ, ನಾನು ಮತ್ತು ಶಿವಗಂಗವ್ವ. ನನಗೋ ಹೇಳಲು ಕೈಯಿಲ್ಲ. ಅವಳು ಕರೆ ಕಡಿದು ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಹೆಬ್ಬೆರಳು ಕೆಂಪು ಗುಂಡಿಯ ಹತ್ತಿರ ಬಂತು, ನಿಂತಿತು.

ಅವಳು ಒತ್ತಲಿಲ್ಲ. ಮಗಳು ದಿನವೂ ಮಾಡುವಂತೆ ನನ್ನನ್ನು ಯಂತ್ರಕ್ಕೆ ಒರಗಿಸಿದಳು. ಕೂಸಿನ ಕಡೆ ಬೊಟ್ಟು ಮಾಡಿದಳು. ಆಮೇಲೆ ಡೊಂಕಾದ ತನ್ನ ಬೆರಳನ್ನು ಮೂಗಿನ ಕೆಳಗಿಟ್ಟು ಮೀಸೆ ಎಳೆದಳು. "ಕೂಸು ನಿಮ್ಮನ್ನ ಕರೀತ್ರಿ," ಎಂದು ಮೆಲ್ಲಗೆ ಅಂದಳು. ಈ ಸಲ ಕೂಗಲಿಲ್ಲ.

ಅಜ್ಜಿಯ ಬೆರಳು ಕಂಡು ಇಂಚರ ಕಿಲಕಿಲ ನಕ್ಕು ತಾನೂ ಮೀಸೆ ಎಳೆದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ದಾಟಿಸಿದೆ. ಮಹಾರುದ್ರ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಉತ್ತರ ಕೊಡಬೇಕು, ಕೈ ಕೆಳಗಿಳಿಯದು. ಬೈಂಡಿಂಗಿನವರೆಲ್ಲ ಅವನ ಹಿಂದೆ ಬಂದು ಗುಂಪಾದರು.

ಈಗ ನನಗೆ ಆರು ವರ್ಷ. ನಮ್ಮ ಜಾತಿಗೆ ಅದು ಮುಪ್ಪು. ಗಾಜು ಬಿರಿದಿದೆ, ಬ್ಯಾಟರಿ ತಾಸು ನಿಲ್ಲದು. ನೀಲಾಂಬಿಕಾಳಿಗೆ ಹೊಸ ಫೋನು ಬಂದಿದೆ. ನಾನು ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಇಂಚರ ಬಾಯಿಂದಲೂ ಕೈಯಿಂದಲೂ ಎಡೆಬಿಡದೆ ಮಾತಾಡುತ್ತಾಳೆ, ಅಜ್ಜಿಗೆ ಪಾಠ ಹೇಳುತ್ತಾಳೆ. ಪಾಠ ತಪ್ಪಬಾರದೆಂದು ಶಿವಗಂಗವ್ವ ನನ್ನನ್ನೇ ಕನ್ನಡಿ ಮಾಡಿಕೊಂಡು ತನ್ನ ಕೈ ನೋಡಿಕೊಳ್ಳುತ್ತಾಳೆ. ನನ್ನನ್ನು ಅಳೆದವರು ಬ್ಯಾಟರಿ, ವೇಗ, ಹೊಳಪು ಎಂದರು. ಎಪ್ಪತ್ತರ ಹೆಂಗಸೊಬ್ಬಳು ಹೊಸದಾಗಿ ಮಾತು ಕಲಿಯುವುದನ್ನು ನೋಡುವ ಭಾಗ್ಯ ಯಾವ ಪೆಟ್ಟಿಗೆಯ ಮೇಲೂ ಅಚ್ಚಾಗಿರಲಿಲ್ಲ.

ಹೋದ ವಾರವೆಲ್ಲ ಒಂದೇ ಮಾತನ್ನು ನನ್ನೆದುರು ಮತ್ತೆ ಮತ್ತೆ ಅಭ್ಯಾಸ ಮಾಡಿದಳು. ನಿನ್ನೆ ಬೆಳಿಗ್ಗೆ ಮಗಳ ಹತ್ತಿರ ಹೋಗಿ ಭುಜ ತಟ್ಟಿದಳು. ಯಂತ್ರ ನಿಂತಿತು. ಶಿವಗಂಗವ್ವನ ಕೈಗಳು ಹೇಳಿದವು: "ನಿನ್ನ ಕೈ ನಾನು ಕಟ್ಟಿದ್ದೆ. ನನ್ನದು ತಪ್ಪು."

ನೀಲಾಂಬಿಕಾ ಕೈಯಲ್ಲಿದ್ದ ಜಂಪರನ್ನು ಬದಿಗಿಟ್ಟಳು. ಕಣ್ಣೀರು ಗದ್ದಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ತಾಯಿಯ ಕೈ ಹಿಡಿದು, ತಪ್ಪಾಗಿ ಮಡಚಿದ್ದ ಒಂದು ಬೆರಳನ್ನು ನೆಟ್ಟಗೆ ಮಾಡಿ, ಕೈ ಬಿಟ್ಟು, ಇನ್ನೊಮ್ಮೆ ಹೇಳು ಎಂಬಂತೆ ಹುಬ್ಬು ಏರಿಸಿದಳು.

ಶಿವಗಂಗವ್ವ ಇನ್ನೊಮ್ಮೆ ಹೇಳಿದಳು.